ತಾಯಿ ಇಲ್ಲದ ಬಾತುಮರಿಗಳನ್ನು ಏನು ಮಾಡಲಿ?

ಪ್ರಶ್ನೆ: ಕೆರೆ ಏರಿಯ ಹತ್ತಿರ ತಾಯಿ ಕಾಡುಬಾತನ್ನು ನಾಯಿ ಕೊಂದುಹಾಕಿತು. ನಾಲ್ಕು ಮರಿಗಳನ್ನು ಮನೆಗೆ ತಂದಿದ್ದೇನೆ. ಬಕೆಟ್ ನೀರಿಗೆ ಬಿಡಲಾ? ನಾನೇ ಸಾಕಬಹುದಾ?
— ಓದುಗರು, ತುಮಕೂರು

ಉತ್ತರ: ಒಳ್ಳೆ ಕೆಲಸ ಮಾಡಿದಿರಿ. ಬಕೆಟ್ ನೀರು ಮಾತ್ರ ಖಂಡಿತ ಬೇಡ. ತಾಯಿಯ ಮೈಬಿಸಿ ಇಲ್ಲದ ಮರಿ ನೆನೆದು ಚಳಿ ಹತ್ತಿದರೆ ಉಳಿಯೋದು ಕಷ್ಟ. ರಟ್ಟಿನ ಡಬ್ಬದಲ್ಲಿ ಹಳೇ ಪಂಚೆ ಹಾಸಿ, ಒಂದು ಮೂಲೆಗಷ್ಟೇ ಬಲ್ಬಿನ ಶಾಖ ಕೊಡಿ. ಒಂದರ ಮೇಲೊಂದು ಬಿದ್ದು ಕೀಚಲಾಡಿದರೆ ಚಳಿ, ಬಾಯಿ ತೆರೆದು ದೂರ ಸರಿದರೆ ಶಾಖ ಜಾಸ್ತಿ ಅಂತ ಅರ್ಥ. ಕುಡಿಯೋ ತಟ್ಟೆ ನೀರಿನಲ್ಲಿ ನಾಲ್ಕು ಗೋಲಿ ಹಾಕಿಡಿ, ಮರಿ ಮುಳುಗಲ್ಲ. ಹಾಲು, ಬ್ರೆಡ್ ಬೇಡ.

ಕಾಡುಬಾತನ್ನು ಸಾಕೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ. ನಾಲ್ಕನ್ನೂ ಒಟ್ಟಿಗೇ ಕೊಡಿ, ಒಂಟಿ ಮರಿ ಮನುಷ್ಯರಿಗೇ ಅಂಟಿಕೊಂಡುಬಿಡುತ್ತದೆ.