ಮಳೆಯಲ್ಲಿ ರಿಯರ್ ವೀಲ್ ಡ್ರೈವ್ ಕಾರಿನ ಹಿಂಭಾಗ ಜಾರುತ್ತಿದೆ, ಮಾರಿಬಿಡಲೇ?

ಮಾರಬೇಡಿ. ಮೊದಲು ಹಿಂದಿನ ಎರಡು ಟೈರ್ ಬಗ್ಗಿ ನೋಡಿ.

ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 330ಐ ತೆಗೆದುಕೊಂಡಿದ್ದೀರಿ, ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರ ಹೋಗುವ ಕಾರು. ಮಳೆಯಲ್ಲಿ ಶಿರಾಡಿ ಘಾಟಿ ಹತ್ತುವಾಗ, ತಿರುವು ಇನ್ನೂ ಮುಗಿಯುವ ಮೊದಲೇ, ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದಿರಿ. ಹಿಂಭಾಗ ಪಕ್ಕಕ್ಕೆ ಸರಿಯಿತು, ಮೀಟರಿನಲ್ಲಿ ಹಳದಿ ದೀಪ ಮಿನುಗಿತು, ಮರುಕ್ಷಣ ಕಾರು ನೇರವಾಯಿತು. ಒಬ್ಬರು ಡಿಕ್ಕಿಯಲ್ಲಿ ಮರಳಿನ ಚೀಲ ಇಡಿ ಎಂದರು, ಇನ್ನೊಬ್ಬರು ಮಾರಿ ಆಲ್ ವೀಲ್ ಡ್ರೈವ್ ತಗೊಳ್ಳಿ ಎಂದರು. ನಾನು ಕರಾವಳಿಯವನು, ಇಂಥದೇ ಕಾರನ್ನು ಹಲವು ಮಳೆಗಾಲ ಘಾಟಿಗಳಲ್ಲಿ ಓಡಿಸಿದ್ದೇನೆ. ನೀವು ಬರೆದದ್ದರಲ್ಲಿ ಕಾರಿನ ದೋಷ ನನಗೆ ಕಾಣುತ್ತಿಲ್ಲ.

ಆ ಕಾರಿನ ಎಂಜಿನ್ 1,550 ಆರ್‌ಪಿಎಂಗೇ 400 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಹಿಂದಿನ ಚಕ್ರಗಳೆರಡೂ ಸೇರಿ ಸುಮಾರು 750 ಕೆಜಿ ಬಲದಲ್ಲಿ ರಸ್ತೆಯನ್ನು ತಳ್ಳುತ್ತವೆ, ಎರಡನೇ ಗೇರಿನಲ್ಲಿ ಅದು 1,100 ಕೆಜಿ ದಾಟುತ್ತದೆ. ಹಿಂದಿನ ಆಕ್ಸಲ್ ಮೇಲೆ ಬೀಳುವ ತೂಕವೋ ಸುಮಾರು 800 ಕೆಜಿ. ಒಣ ಡಾಂಬರಿನಲ್ಲಿ ಒಳ್ಳೆಯ ಟೈರಿಗೆ ಹೆಚ್ಚುಕಡಿಮೆ ಆ ತೂಕದಷ್ಟೇ ಹಿಡಿತ ಸಿಗುತ್ತದೆ. ಒದ್ದೆಯಾದರೆ ಅದರ ಅರ್ಧದಿಂದ ಮುಕ್ಕಾಲು ಭಾಗ, ಟೈರ್ ಸವೆದಿದ್ದರೆ ಇನ್ನೂ ಕಡಿಮೆ. ಇದರ ಜೊತೆಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಓವರ್‌ಟೇಕ್ ಮಾಡಲೆಂದು ನೀವು ಕಾಲು ಒತ್ತಿದ ಕೂಡಲೇ ಅದು ಒಂದೆರಡು ಗೇರ್ ಕೆಳಗಿಳಿಸುತ್ತದೆ, ಚಕ್ರಕ್ಕೆ ಹೋಗುವ ಬಲ ಒಮ್ಮೆಲೇ ಏರುತ್ತದೆ. ಅಂದು ನಿಮಗೆ ಆದದ್ದು ಇದೇ ಇರಬೇಕು.

ಇಷ್ಟಾದರೂ ನೇರ ರಸ್ತೆಯಲ್ಲಿ ಅಪಾಯ ಕಡಿಮೆ. ತಿರುವಿನಲ್ಲೇ ತೊಂದರೆ. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ, ತಿರುಗುವುದಕ್ಕೆ ಖರ್ಚಾದದ್ದು ಎಳೆಯುವುದಕ್ಕೆ ಉಳಿಯುವುದಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಖರ್ಚಾಗಿರುತ್ತದೆ.

ಹಿಂದೆ ಇಷ್ಟೇ ಶಕ್ತಿಯ ಕಾರು ಹೇಗಿತ್ತು ನೋಡಿ. 1975ರ ಪೋರ್ಷೆ 911 ಟರ್ಬೊ ಕಾರಿಗೆ ಇದ್ದದ್ದು 260 ಅಶ್ವಶಕ್ತಿ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ತಡವಾಗಿ, ಒಮ್ಮೆಲೇ ಎದ್ದು ಬರುತ್ತಿತ್ತು. ತಿರುವಿನ ಮಧ್ಯೆ ಬಂದರೆ ಹಿಂಭಾಗ ಜಾರುತ್ತಿತ್ತು, ಹೆದರಿ ಕಾಲು ತೆಗೆದರೆ ಇನ್ನೂ ಜಾರುತ್ತಿತ್ತು. ಪಳಗಿದ ಚಾಲಕರೂ ಅದಕ್ಕೆ ಅಂಜುತ್ತಿದ್ದರು. ನಿಮ್ಮ 330ಐ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ, 258. ನಿಮ್ಮನ್ನು ಅಂದು ಉಳಿಸಿದ್ದು ಸ್ಟೆಬಿಲಿಟಿ ಕಂಟ್ರೋಲ್, 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಮೂಲಕ ರಸ್ತೆಗೆ ಬಂದ ತಂತ್ರ. ಅದು ಎಂಜಿನ್ ತಗ್ಗಿಸಬಲ್ಲದು, ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಬಲ್ಲದು. ಇಲ್ಲದ ಹಿಡಿತವನ್ನು ಮಾತ್ರ ಹುಟ್ಟಿಸಲಾರದು. ಅದು ಕೆಲಸ ಮಾಡುವಾಗ ಮಿನುಗುವ ಆ ಹಳದಿ ದೀಪ ಪದೇ ಪದೇ ಕಾಣುತ್ತಿದ್ದರೆ ನೀವು ಮಿತಿ ದಾಟುತ್ತಲೇ ಇದ್ದೀರಿ ಎಂದೇ ಅರ್ಥ. ದಯವಿಟ್ಟು ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡಬೇಡಿ, ಮಳೆಯಲ್ಲಿ ಸ್ಪೋರ್ಟ್ ಮೋಡ್ ಕೂಡ ಬೇಡ. ಇಕೊ ಪ್ರೊ ಮೋಡಿಗೆ ಹಾಕಿದರೆ ಆಕ್ಸಿಲರೇಟರ್ ಮೆದುವಾಗುತ್ತದೆ, ಒದ್ದೆ ಘಾಟಿಗೆ ಅದೇ ಸರಿ.

ಈಗ ಟೈರ್. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಹಳೆಯ ಕಾರುಗಳಲ್ಲಿ ಟೈರ್ ನೋಡಲು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆಯಲ್ಲಿ ಹಿಡಿಯುವುದಿಲ್ಲ. ಆಮೇಲೆ ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಮೇಲ್ಮೈಯ, ಸಂದಿಗೆ ಬೆರಳು ಹಾಕಿ. ತಳದಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆ ಸಿಗುತ್ತದೆ, ಅದರ ಎತ್ತರ 1.6 ಮಿಮೀ. ರಬ್ಬರ್ ಅಲ್ಲಿಗೆ ಸವೆದರೆ ಕಾನೂನಿನ ಪ್ರಕಾರ ಟೈರ್ ಮುಗಿಯಿತು. ಆದರೆ ಮಳೆ ಅಷ್ಟು ದಿನ ಕಾಯುವುದಿಲ್ಲ, 3 ಮಿಮೀಗೆ ಇಳಿದಾಗಲೇ ಬದಲಿಸಿ. ಎರಡೇ ಹೊಸ ಟೈರ್ ಹಾಕಿಸುವುದಾದರೆ ಹಿಂದಕ್ಕೇ ಹಾಕಿಸಿ, ಅಂಗಡಿಯವರು ಮುಂದಕ್ಕೆ ಎಂದರೂ ಒಪ್ಪಬೇಡಿ.

ಗಾಳಿ ಕಡಿಮೆ ಇದ್ದರೆ ಹಿಡಿತ ಜಾಸ್ತಿ ಎಂದು ನಂಬಿದವರು ಬಹಳ. ನಿಂತ ನೀರಿನಲ್ಲಿ ಅದು ಪೂರ್ತಿ ಉಲ್ಟಾ. ಟೈರ್ ನೀರಿನ ಮೇಲೆ ತೇಲುವ ವೇಗವನ್ನು ಅಂದಾಜಿಸಲು ನಾಸಾದವರು ವಿಮಾನದ ಟೈರುಗಳಿಂದ ಕಂಡುಕೊಂಡ ಸೂತ್ರವೊಂದಿದೆ. ಅದರಂತೆ ಟೈರಿನ ಗಾಳಿಯ ಒತ್ತಡ 33 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 95 ಕಿಮೀ, 25ಕ್ಕೆ ಇಳಿದರೆ ಸುಮಾರು 83. ಬಾಗಿಲ ಹತ್ತಿರದ ಚೀಟಿಯಲ್ಲಿ ಇರುವಷ್ಟೇ ಗಾಳಿ ಹಾಕಿಸಿ, ಟೈರ್ ತಣ್ಣಗಿರುವಾಗ.

ಓಡಿಸುವಾಗ ಸ್ಟೇರಿಂಗ್ ನೇರವಾಗುತ್ತಾ ಬಂದಷ್ಟೂ ಆಕ್ಸಿಲರೇಟರ್ ಒತ್ತುತ್ತಾ ಹೋಗಿ. ಬ್ರೇಕ್ ತಿರುವಿಗೆ ಮೊದಲೇ ಮುಗಿಯಲಿ. ಘಾಟಿಯಲ್ಲಿ ಗೇರ್ ಮ್ಯಾನುವಲ್ಲಿಗೆ ಹಾಕಿ ಒಂದು ಎತ್ತರದ ಗೇರಿನಲ್ಲೇ ಹತ್ತಿ, ಆಗ ಕಾಲು ಒತ್ತಿದ ಕೂಡಲೇ ಗೇರ್ ತಾನಾಗಿ ಇಳಿಯುವುದು ಕಡಿಮೆ. ಬೇಸಿಗೆ ಕಳೆದು ಬರುವ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು, ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ಎದ್ದು ರಸ್ತೆ ನುಣ್ಣಗಾಗುತ್ತದೆ. ಬಿಳಿ ಪಟ್ಟೆ, ಫ್ಲೈಓವರಿನ ಕಬ್ಬಿಣದ ಜಾಯಿಂಟ್, ಮ್ಯಾನ್‌ಹೋಲ್ ಮುಚ್ಚಳಗಳ ಮೇಲೂ ಕಾಲು ಹಗುರವಾಗಿರಲಿ. ಆದರೂ ಜಾರಿದರೆ ಆಕ್ಸಿಲರೇಟರಿನಿಂದ ಕಾಲನ್ನು ಕಿತ್ತು ತೆಗೆಯಬೇಡಿ, ಮೆಲ್ಲಗೆ ಸಡಿಲಿಸಿ. ಹೋಗಬೇಕಾದ ಕಡೆಗೇ ಕಣ್ಣಿಡಿ, ಹಿಂಭಾಗ ಜಾರಿದ ದಿಕ್ಕಿಗೇ ಸ್ಟೇರಿಂಗ್ ತಿರುಗಿಸಿ.

ಮರಳು ಚೀಲ ಬೇಡ. ಆಕ್ಸಲಿನಿಂದಾಚೆ ಕೂತ ಆ ತೂಕ, ಜಾರಲು ಶುರುವಾದ ಹಿಂಭಾಗವನ್ನು ಇನ್ನಷ್ಟು ಹೊರಕ್ಕೆ ಎಳೆಯುತ್ತದೆ. ಆಲ್ ವೀಲ್ ಡ್ರೈವ್ ಹೊರಡುವಾಗ, ಏರುವಾಗ ನಿಜಕ್ಕೂ ಸಹಾಯಕ್ಕೆ ಬರುತ್ತದೆ. ಬ್ರೇಕ್ ಹಾಕುವಾಗ ಅದಕ್ಕೂ ಇರುವುದು ಅದೇ ನಾಲ್ಕು ಟೈರ್. ಕಾರು ಮಾರುವ ಮಾತನ್ನು ಹೊಸ ಟೈರ್ ಹಾಕಿಸಿ ಒಂದು ಮಳೆಗಾಲ ಓಡಿಸಿದ ಮೇಲೆ ಯೋಚಿಸಿ. ಸದ್ಯಕ್ಕೆ ಟೈರಿನ ಮೇಲಿನ ಆ ನಾಲ್ಕು ಅಂಕಿ ಎಷ್ಟೆಂದು ನೋಡಿ ತಿಳಿಸಿ.