ಇಟಲಿಯ ಓರ್ವಿಯೆತೊ ಕ್ಯಾಥೆಡ್ರಲ್‌ನಲ್ಲಿ ತಪ್ಪದೆ ನೋಡಬೇಕಾದ್ದು ಏನು?

ಬಲಗಡೆಯ ಸಾನ್ ಬ್ರಿಜಿಯೊ ಚಾಪೆಲ್, ಅಂದರೆ ಒಳಗಿನ ಚಿಕ್ಕ ಪ್ರಾರ್ಥನಾ ಮಂದಿರ. 1447ರಲ್ಲಿ ಚಿತ್ರಕಾರ ಫ್ರಾ ಆಂಜೆಲಿಕೊ ಚಾವಣಿಯ ಎರಡು ಭಾಗಕ್ಕಷ್ಟೇ ಚಿತ್ರ ಬರೆದು ಬಿಟ್ಟುಹೋದ. ಉಳಿದದ್ದನ್ನು ಇನ್ನೊಬ್ಬ ಚಿತ್ರಕಾರ ಲೂಕಾ ಸಿನ್ಯೊರೆಲ್ಲಿ 1499ರಲ್ಲಿ ಕೈಗೆತ್ತಿಕೊಂಡು 1504ಕ್ಕೆ ಮುಗಿಸಿದ. ಒಳಹೊಕ್ಕರೆ ಎಡಗೋಡೆಯ ಮೊದಲ ಚಿತ್ರ ಕ್ರಿಸ್ತವಿರೋಧಿಯ (ಲೋಕಾಂತ್ಯಕ್ಕೆ ಮೊದಲು ಬರುವನೆಂದು ಕ್ರೈಸ್ತರು ನಂಬುವ ಸುಳ್ಳು ಕ್ರಿಸ್ತ) ಉಪದೇಶ: ನೋಡಲು ಥೇಟ್ ಕ್ರಿಸ್ತನೇ, ಕಿವಿಯಲ್ಲಿ ಪಿಸುಗುಡುವವನು ಮಾತ್ರ ಸೈತಾನ. ಅವನ ತೋಳು ಉಪದೇಶಕನ ನಿಲುವಂಗಿಯೊಳಗಿಂದಲೇ ಹೊರಬಂದಂತಿದೆ, ಯಾರ ಕೈ ಯಾವುದೆಂದು ಗೊತ್ತಾಗದು. ಚಿತ್ರದ ಎಡಮೂಲೆಯಲ್ಲಿ ಕಪ್ಪು ಉಡುಪಿನಲ್ಲಿ ನಿಂತವರು ಸಿನ್ಯೊರೆಲ್ಲಿ ಮತ್ತು ಆಂಜೆಲಿಕೊ.

ಕಟ್ಟಡ ಶುರುವಾದದ್ದು 1290ರಲ್ಲಿ. ಗೋಡೆಗೆ ಕಪ್ಪು ಬಸಾಲ್ಟ್, ಬಿಳಿ ಟ್ರಾವರ್ಟೈನ್ ಕಲ್ಲುಗಳ ಪಟ್ಟೆ. ಮುಂಭಾಗ ಪಶ್ಚಿಮಾಭಿಮುಖ, ಹಾಗಾಗಿ ಮಧ್ಯಾಹ್ನದ ನಂತರ ಹೋಗಿ. ಹೊಳೆಯುವ ಮೊಸಾಯಿಕ್‌ಗಳು ಬಹುಪಾಲು ಆಮೇಲೆ ಬದಲಾಯಿಸಿದವು (ಫೋಟೊಗೆ ಸರಿ). ಕೆಳಗಿನ ಕಂಬಗಳ ಅಮೃತಶಿಲೆಯ ಉಬ್ಬುಶಿಲ್ಪ 14ನೇ ಶತಮಾನದ್ದು, ವಾಸ್ತುಶಿಲ್ಪಿ ಲೊರೆಂಜೊ ಮೈತಾನಿಯ ಕಾಲದ್ದು. ಸಮಯ ಅಲ್ಲಿ ಕೊಡಿ.