ಸ್ಕೂಟರಿನ ಡಿಕ್ಕಿಯಲ್ಲಿದ್ದ ಎರಡು ಕೋಲುಗಳು

ನನ್ನ ಬಳಿ ಆಪ್ತಸಲಹೆಗೆ ಬಂದ ದಂಪತಿಯೊಂದರ ಪ್ರಕರಣವಿದು; ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ದಂಪತಿಯಿಬ್ಬರೂ ಒಪ್ಪಿದ್ದಾರೆ.

ಕಲಬುರಗಿಯ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ 47 ವರ್ಷದ ಗೃಹಸ್ಥರು ಎಂಟು ತಿಂಗಳಿಂದ ವಾರಕ್ಕೆ ನಾಲ್ಕು ಸಂಜೆ ‘ಆಡಿಟ್ ಅದ’ ಎಂದು ಹೇಳಿ ಹೋಗಿ, ರಾತ್ರಿ ಹತ್ತರ ಮೇಲೆ ಮನೆಗೆ ಮರಳುತ್ತಿದ್ದರು. ಇನ್ನೊಂದು ಹೆಣ್ಣಿನ ಸಹವಾಸವಿರಬೇಕೆಂದು ಪತ್ನಿ ಒಳಗೊಳಗೇ ಬೇಯುತ್ತಿದ್ದಾಗ, ಸ್ಕೂಟರಿನ ಡಿಕ್ಕಿಯಲ್ಲಿ ತುದಿ ಸವೆದ ಎರಡು ಡ್ರಮ್ ಕೋಲುಗಳು ಸಿಕ್ಕವು. ಕಪನೂರ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡೊಂದರಲ್ಲಿ, ಇಪ್ಪತ್ತರ ಆಸುಪಾಸಿನ ನಾಲ್ವರು ಇಂಜಿನಿಯರಿಂಗ್ ಹುಡುಗರ ರಾಕ್ ಬ್ಯಾಂಡಿಗೆ ಆತ ಡ್ರಮ್ ಬಾರಿಸುತ್ತಿದ್ದರು.

ನಿಜ ತಿಳಿದ ಮೇಲೆ ಪತ್ನಿಯ ಸಂಕಟ ಕಡಿಮೆಯಾಗಲಿಲ್ಲ, ದಿಕ್ಕು ಬದಲಿಸಿತು. ‘ದೊಡ್ಡ ಮಗಳಿಗೆ ವರ ನೋಡ್ಲಿಕ್ಕತ್ತೀವ್ರಿ ಮೇಡಂ, ಹುಡುಗಿ ಅಪ್ಪ ಬ್ಯಾಂಡ್ ಬಾರಸ್ತಾನಂತ ಅಂದ್ರ ಮಂದಿ ಏನ್ ತಿಳ್ಕೋಬೇಕು?’ ಎಂದರು. ನಮ್ಮ ಕಡೆ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬಾಜಾ ಎಂದೇ ಮೊದಲು ಅರ್ಥವಾಗುತ್ತದೆ. ಆ ವಾದ್ಯಗಾರರ ದುಡಿಮೆಯನ್ನು ಕೀಳೆಂದು ಕಾಣುವುದು ತಪ್ಪು ಎಂದು ನಾನು ಹೇಳಿದೆನಾದರೂ, ತಾಯಿಯಾಗಿ ಆಕೆಗಿದ್ದ ಭಯವನ್ನು ತಳ್ಳಿಹಾಕಲಿಲ್ಲ. ಇದಲ್ಲದೆ, ಚೀಟಿಯಲ್ಲಿ ಬಂದ 35,000 ರೂಪಾಯಿಯನ್ನು ಮನೆಯಲ್ಲಿ ತಿಳಿಸದೆ ಆತ ಡ್ರಮ್ ಸೆಟ್ಟಿಗೆ ಹಾಕಿದ್ದರು.

ನೆಂಟರೊಬ್ಬರು ಇದನ್ನು ‘ನಡುವಯಸ್ಸಿನ ಬಿಕ್ಕಟ್ಟು’ ಎಂದು ತೀರ್ಪು ಕೊಟ್ಟಿದ್ದರಂತೆ. ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ 1965ರ ಲೇಖನದ ಮೂಲಕ ಪ್ರಚಾರಕ್ಕೆ ತಂದ ಈ ಪದವನ್ನು ನಾನು ಸಲಹೆಯ ಕೋಣೆಯಲ್ಲಿ ಬಳಸುವುದಿಲ್ಲ, ಏಕೆಂದರೆ ಹೆಸರು ಅಂಟಿಸಿದ ಕೂಡಲೇ ಮನುಷ್ಯನನ್ನು ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ. ಡ್ರಮ್ಮೇ ಏಕೆ ಎಂದು ಆತನನ್ನು ಕೇಳಿದೆ. ಹುಡುಗತನದಿಂದ ತಂದೆಯ ತತ್ವಪದದ ಹಾಡಿಕೆಗೆ ತಬಲಾ ಸಾಥ್ ಕೊಟ್ಟವರು ಅವರು. ಎರಡು ವರ್ಷದ ಹಿಂದೆ ತಂದೆ ತೀರಿಕೊಂಡ ಮೇಲೆ ಮಠದ ಭಜನೆಗೆ ಹೋಗಿ ಕುಳಿತರೆ ಏಕತಾರಿ ಹಿಡಿದು ತಂದೆ ಕೂಡುತ್ತಿದ್ದ ಜಾಗವೇ ಕಣ್ಣಿಗೆ ಬೀಳುತ್ತಿತ್ತಾದ್ದರಿಂದ, ಹೋಗುವುದನ್ನೇ ಬಿಟ್ಟರು. ‘ಆ ಶೆಡ್ಡಿನ್ಯಾಗ ನಮ್ಮಪ್ಪನ್ನ ನೋಡಿದವ್ರು ಯಾರೂ ಇಲ್ರಿ’ ಎನ್ನುತ್ತಾ ಅತ್ತರು. ಪಕ್ಕದಲ್ಲಿದ್ದ ಪತ್ನಿ ಈ ಮಾತನ್ನು ಮೊದಲ ಬಾರಿಗೆ ಕೇಳುತ್ತಿದ್ದರು.

ಕಲಿಕೆಯ ಬಗ್ಗೆ ಹೇಳುವಾಗ ಮಾತ್ರ ಅವರ ದನಿ ಬದಲಾಗುತ್ತಿತ್ತು. ತಬಲಾದ ಕೆಹರ್ವಾ ತಾಳದ ಎಂಟು ಮಾತ್ರೆಗಳ ಎಣಿಕೆಯಲ್ಲಿ ಮೊದಲನೆಯದಾದ ‘ಸಮ’ದ ಮೇಲೆ ಭಾರ ಹಾಕಿ ಬೆಳೆದ ಕೈಗೆ, ನಾಲ್ಕು ಎಣಿಕೆಯ ಎರಡನೆಯ ಮತ್ತು ನಾಲ್ಕನೆಯದಕ್ಕೆ ಸ್ನೇರ್ ಎಂಬ ಚಿಕ್ಕ ಡ್ರಮ್ ಹೊಡೆಯುವ ರಾಕ್ ನಡೆ ಒಗ್ಗಲು ಎರಡು ತಿಂಗಳು ಬೇಕಾಯಿತಂತೆ. ಬಲಗಾಲಿಗೆ ಬೇಸ್ ಡ್ರಮ್ಮಿನ ಪೆಡಲ್, ಎಡಗಾಲಿಗೆ ಹೈಹ್ಯಾಟ್ ಎಂಬ ಜೋಡಿ ತಟ್ಟೆಗಳ ಪೆಡಲ್ ಒಲಿಯಲು ಇನ್ನೂ ಹೆಚ್ಚು. ಮನೆಯಲ್ಲಿ, ಮಿಲ್ಲಿನಲ್ಲಿ ಎಲ್ಲರೂ ಉತ್ತರ ಕೇಳಿಕೊಂಡು ಬರುವ ವಯಸ್ಸಿನಲ್ಲಿ, ‘ಕಾಕಾ, ತಪ್ಪಿತು, ಮತ್ತ ಹೊಡೀರಿ’ ಎಂದು ಹುಡುಗರು ತಿದ್ದುವುದು ಅವರಿಗೆ ಎಷ್ಟು ಹಗುರವೆನಿಸಿತ್ತೆಂಬುದು ನನಗೆ ಆಗ ಅರ್ಥವಾಯಿತು. ಇದನ್ನು ಬಿಡಿಸಬಾರದೆಂದು ನಾನು ಅಲ್ಲೇ ನಿಶ್ಚಯಿಸಿದೆ.

ಆದರೆ ಸುಳ್ಳು ಮುಂದುವರಿಯುವಂತಿರಲಿಲ್ಲ. ಸಂಜೆಗಳನ್ನು ಎರಡಕ್ಕೆ ಇಳಿಸಿ, ಯಾವ ದಿನ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿದೆ. ಚೀಟಿಯ ಹಣವನ್ನು ತಿಂಗಳಿಗೆ 3,500ರಂತೆ ಹತ್ತು ಕಂತಿನಲ್ಲಿ ಪತ್ನಿಯ ಖಾತೆಗೇ ಕಟ್ಟಬೇಕೆಂದಾಗ ಆತ ಒಡನೆಯೇ ಒಪ್ಪಿದರು. ಹೊರ ಊರಿನ ಕಾರ್ಯಕ್ರಮಗಳಿಗೆ ಬರಲಾಗದೆಂದು ಹುಡುಗರಿಗೆ ಈಗಲೇ ಹೇಳಿ, ಇನ್ನೊಬ್ಬ ಡ್ರಮ್ಮರನ್ನು ಅವರು ಹುಡುಕಿಕೊಳ್ಳಲು ಕಾಲಾವಕಾಶ ಕೊಡುವುದು ನ್ಯಾಯವೆಂದೂ ತಿಳಿಸಿದೆ. ಹುಡುಗರ ಕನಸಿಗೂ ಬೆಲೆಯಿದೆ. ಪತ್ನಿಗೆ ನಾನು ಕೇಳಿದ್ದು ಒಂದೇ: ಒಮ್ಮೆ ಶೆಡ್ಡಿಗೆ ಹೋಗಿ ಕಣ್ಣಾರೆ ನೋಡಿ, ಆಮೇಲೆ ಬೀಗರಾಗಿ ಬರುವವರಿಗೆ ಏನು ಹೇಳಬೇಕೆಂದು ಇಬ್ಬರೂ ಕೂಡಿ ತೀರ್ಮಾನಿಸಿ.

ನಾನು ಹೆಚ್ಚು ಒತ್ತಾಯ ಮಾಡಿದ್ದು ಕಿವಿಯ ವಿಷಯದಲ್ಲಿ. ರಾತ್ರಿ ಮಲಗಿದಾಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತದೆ ಎಂದು ಆತ ಮಾತಿನ ನಡುವೆ ಹೇಳಿಬಿಟ್ಟಿದ್ದರು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯೇ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ ಎಂಬುದು ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಿಯಾಶ್ (NIOSH) ಸಂಸ್ಥೆಯ ಶಿಫಾರಸು. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ, ಮುಚ್ಚಿದ ತಗಡಿನ ಶೆಡ್ಡಿನಲ್ಲಿ ಡ್ರಮ್ ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಐವರೂ ಇಯರ್‌ಪ್ಲಗ್ ಹಾಕಬೇಕು, ಮನೆಯ ಅಭ್ಯಾಸ ರಬ್ಬರ್ ಪ್ಯಾಡಿನ ಮೇಲೆ ನಡೆಯಬೇಕು, ಮೊದಲು ಶ್ರವಣ ಪರೀಕ್ಷೆಯಾಗಬೇಕು ಎಂದೆ.

ಆರು ವಾರದ ನಂತರ ಬಂದಾಗ ಆತನ ಕೈಯಲ್ಲಿ ಪರೀಕ್ಷೆಯ ವರದಿಯಿತ್ತು. ಹೆಚ್ಚು ಸದ್ದಿಗೆ ಮೊದಲು ಪೆಟ್ಟು ತಿನ್ನುವ 4,000 ಹರ್ಟ್ಸ್‌ನ ಎತ್ತರದ ಸ್ವರದ ಬಳಿಯಲ್ಲಿ ಎರಡೂ ಕಿವಿಗಳಲ್ಲಿ ಸಣ್ಣ ಕುಸಿತ ಕಂಡಿತ್ತು. ಹಾಗೆ ಹೋದ ಶ್ರವಣಶಕ್ತಿ ಮರಳುವುದಿಲ್ಲವೆಂದು ವೈದ್ಯರು ಹೇಳಿದ ಮೇಲೆ ಇಯರ್‌ಪ್ಲಗ್ ಇಲ್ಲದೆ ಕೋಲು ಹಿಡಿದಿಲ್ಲವೆಂದರು. ಪತ್ನಿ ಶೆಡ್ಡಿಗೆ ಹೋಗಿದ್ದರು. ಸದ್ದು ತಾಳಲಾಗದೆ ಹೊರಗೆ ಬೇವಿನ ನೆರಳಿನಲ್ಲಿ ಕುಳಿತು ಕೇಳಿದರಂತೆ. ಬೀಗರಿಗೆ ಇನ್ನೂ ಹೇಳಿಲ್ಲ. ಮಠದ ಭಜನೆಗೂ ಆತ ಇನ್ನೂ ಹೋಗಿಲ್ಲ; ಮುಂದಿನ ಭೇಟಿಯನ್ನು ಶರಣಬಸವೇಶ್ವರರ ಜಾತ್ರೆ ಮುಗಿದ ವಾರಕ್ಕೆ ಇಟ್ಟುಕೊಂಡಿದ್ದೇವೆ.